ಅಮ್ಮ ಮಾಡದ ಪಾಪ

ಅಮ್ಮನ ಉತ್ತರಕ್ರಿಯೆಗೆ ನಾನು ಕೂರಲಿಲ್ಲ. ಮನೆಯ ಹಿರಿಮಗ ನಾನು. ಪಿಂಡ ಇಟ್ಟವನು ತಮ್ಮ. ಖರ್ಚಿಗೆ ನನ್ನ ಪಾಲು ಕೊಟ್ಟೆ, ಬಂದವರಿಗೆ ಎಲೆ ಹಾಕಿ ಬಡಿಸಿದೆ, ದರ್ಭೆ ಹಿಡಿಯಲಿಲ್ಲ. ಅಂದಿನಿಂದ ಬಂಧುಗಳು, ಹಳೆಯ ಸಹೋದ್ಯೋಗಿಗಳು, ಊರಿನ ಹಿರಿಯರು ಆಡಿದ ಮಾತುಗಳಿಗೆ ನನ್ನ ಉತ್ತರ ಬಾಕಿ ಇದೆ. ಸಿಟ್ಟಿನಲ್ಲಿ ಆಡಿದವರು ಕಡಿಮೆ. ಹೆಚ್ಚಿನವರು ನನ್ನ ಗತಿ ಏನಾದೀತೋ ಎಂಬ ಮರುಕದಿಂದಲೇ ಕೇಳಿದ್ದಾರೆ. ಆ ಮರುಕಕ್ಕೆ ಮರ್ಯಾದೆ ಕೊಡಬೇಕಾದರೆ ಹಾರಿಕೆಯ ಮಾತಾಡಬಾರದು. ದೇವರನ್ನೂ ಸತ್ತ ಮೇಲಿನ ಬದುಕನ್ನೂ ನಾನು ಏಕೆ ನಂಬುವುದಿಲ್ಲ ಎಂಬುದನ್ನು ಅವರವರ ಆಕ್ಷೇಪವನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಸಂಸ್ಕೃತ ಕಲಿಸಿ ನಿವೃತ್ತರಾದ ಭಾವನವರದು ಮೊದಲ ಆಕ್ಷೇಪ: "ಇದೆಲ್ಲ ಇಂಗ್ಲಿಷ್ ಪುಸ್ತಕ ಓದಿ ಬಂದ ಬುದ್ಧಿ, ನಮ್ಮ ನೆಲದ್ದಲ್ಲ." ಭಾವ, ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಸುಮ್ಮನಿರುತ್ತಿದ್ದೆ. ನೀವು ಓದಿದವರು. ಸಾಂಖ್ಯಕಾರಿಕೆಯಲ್ಲಿ ಈಶ್ವರನಿಗೆ ಜಾಗವಿಲ್ಲ ಎಂಬುದು ನಿಮಗೆ ಗೊತ್ತು. ಯಜ್ಞವನ್ನೇ ಉಸಿರಾಗಿಸಿಕೊಂಡ ಮೀಮಾಂಸಕರಲ್ಲಿ ಕುಮಾರಿಲ ಭಟ್ಟ ಶ್ಲೋಕವಾರ್ತಿಕದಲ್ಲಿ ಜಗತ್ಕರ್ತನನ್ನು ಖಂಡಿಸಿದ್ದೂ ಗೊತ್ತು. 14ನೇ ಶತಮಾನದಲ್ಲಿ ವಿಜಯನಗರದ ಮಾಧವಾಚಾರ್ಯರ ಹೆಸರಿನಲ್ಲಿ ಬಂದ ಸರ್ವದರ್ಶನಸಂಗ್ರಹದ ಮೊದಲ ಅಧ್ಯಾಯವೇ ಚಾರ್ವಾಕರದು. ಖಂಡಿಸುವುದಕ್ಕಾದರೂ ಅವರ ಮಾತನ್ನು ಮೊದಲು ಪೂರ್ತಿ ಕೇಳಬೇಕೆಂಬ ಶಿಸ್ತು ಅಲ್ಲಿತ್ತು. ಇನ್ನೂ ಹತ್ತಿರದ್ದು ಹೇಳಬೇಕೆಂದರೆ, ನಮ್ಮ ಅಮೋಘವರ್ಷನ ಗುರು ಜಿನಸೇನಾಚಾರ್ಯರು 9ನೇ ಶತಮಾನದಲ್ಲಿ ಬರೆದ ಮಹಾಪುರಾಣ. ಲೋಕವನ್ನು ಒಬ್ಬ ಸೃಷ್ಟಿಸಿದ ಎಂಬುದನ್ನು ಅವರು ಬಿಡದೆ ಪ್ರಶ್ನಿಸುತ್ತಾರೆ. ಲೋಕವೇ ಇಲ್ಲದಾಗ ಅವನು ನಿಂತದ್ದು ಎಲ್ಲಿ? ಸಾಮಗ್ರಿ ಎಲ್ಲಿಂದ ತಂದ? ಯಾವ ಕೊರತೆಯೂ ಇಲ್ಲದವನಿಗೆ ಸೃಷ್ಟಿಸುವ ಆಸೆ ಏಕೆ ಹುಟ್ಟಿತು? 941ರಲ್ಲಿ ಪಂಪ ಆದಿಪುರಾಣ ಬರೆದದ್ದು ಇದೇ ಗ್ರಂಥದ ಆಧಾರದ ಮೇಲೆ. ಕನ್ನಡದ ಆದಿಕವಿಯ ಮನೆಯಲ್ಲೇ ಸೃಷ್ಟಿಕರ್ತನಿಗೆ ಪೀಠವಿರಲಿಲ್ಲ. ಇವರಲ್ಲಿ ಚಾರ್ವಾಕರನ್ನು ಬಿಟ್ಟು ಉಳಿದವರೆಲ್ಲ ಕರ್ಮವನ್ನೂ ಮರುಹುಟ್ಟನ್ನೂ ಒಪ್ಪಿದವರು, ನಿಜ. ಅಲ್ಲಿ ನಾನು ಅವರಿಂದ ಬೇರೆಯಾಗುತ್ತೇನೆ. ಆದರೆ ದೇವರಿಲ್ಲ ಎನ್ನುವುದು ಹಡಗಿನಲ್ಲಿ ಬಂದಿಳಿದ ಸರಕು ಎಂದು ಮಾತ್ರ ಹೇಳಬೇಡಿ.

ಭಾವ ಅಷ್ಟಕ್ಕೆ ಬಿಡುವವರಲ್ಲ. ಮಡಕೆ ಇದ್ದರೆ ಕುಂಬಾರ ಇರಲೇಬೇಕಲ್ಲ ಎಂದು ನ್ಯಾಯಶಾಸ್ತ್ರದ ವಾದ ತೆಗೆದರು. ಉದಯನಾಚಾರ್ಯರ ನ್ಯಾಯಕುಸುಮಾಂಜಲಿ ಈ ದಾರಿಯ ಬಹುದೊಡ್ಡ ಗ್ರಂಥ, ಅದನ್ನು ಹಗುರವಾಗಿ ನೋಡುವ ಯೋಗ್ಯತೆ ನನಗಿಲ್ಲ. ಆದರೂ ಕುಂಬಾರ ಮಡಕೆ ಮಾಡುವುದನ್ನು ಕಣ್ಣಾರೆ ಕಂಡಿದ್ದರಿಂದಲೇ ನಾವು ಮಡಕೆ ನೋಡಿ ಕುಂಬಾರನನ್ನು ಊಹಿಸುತ್ತೇವೆ. ಜಗತ್ತು ತಯಾರಾಗುವುದನ್ನು ಕಂಡವರಿಲ್ಲ. ಕಂಡ ಕುಂಬಾರರೆಲ್ಲ ಮೈಯುಳ್ಳವರು, ದಣಿಯುವವರು, ಎಷ್ಟೋ ಜನ ಒಟ್ಟಾಗಿ ದುಡಿಯುವವರು. ಅದೇ ಊಹೆಯಿಂದ ಒಬ್ಬನೇ ನಿರಾಕಾರ ಸರ್ವಶಕ್ತ ಹೇಗೆ ಬರುತ್ತಾನೆ? ಜೀವಿಗಳ ರಚನೆಯ ಅಚ್ಚರಿಗೆ ಕರ್ತೃವಿಲ್ಲದ ವಿವರಣೆ 1859ರಲ್ಲೇ ಡಾರ್ವಿನ್ನರಿಂದ ಬಂದಿದೆ. ಜಗತ್ತು ಏಕೆ ಇದೆ ಎಂಬ ಕೊನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಉತ್ತರವಿಲ್ಲದ ಜಾಗದಲ್ಲಿ ಒಂದು ಹೆಸರನ್ನು ಕೂರಿಸಿ ಅದಕ್ಕೆ ದೀಪ ಹಚ್ಚಲು ನನ್ನಿಂದಾಗದು.

ನಿಜ ಹೇಳಬೇಕೆಂದರೆ ನಾನು ದೇವರನ್ನು ಬಿಟ್ಟದ್ದು ಈ ತರ್ಕದಿಂದಲ್ಲ. ತರ್ಕ ಆಮೇಲೆ ಓದಿದ್ದು. ಬಿಟ್ಟದ್ದು ಎರಡನೆಯ ಆಕ್ಷೇಪದ ಜಾಗದಲ್ಲಿ. ನಮ್ಮ ಬೀದಿಯ ಹಿರಿಯರೊಬ್ಬರು ಬಹಳ ಸಮಾಧಾನದಿಂದ ಹೇಳಿದರು: "ದೇವರಿಲ್ಲ ಎನ್ನಬಹುದು, ಆದರೆ ಕರ್ಮ ಇಲ್ಲ ಎನ್ನಲಾಗದು. ಇಲ್ಲದಿದ್ದರೆ ಒಂದು ಮಗು ಚೆನ್ನಾಗಿ ಹುಟ್ಟುತ್ತದೆ, ಒಂದು ಅಂಗವಿಕಲವಾಗಿ ಹುಟ್ಟುತ್ತದೆ, ಯಾಕೆ? ಹಿಂದಿನದ್ದಲ್ಲದೆ ಇನ್ನೇನು?"

ನನ್ನ ತಂಗಿ ಹಾಗೆ ಹುಟ್ಟಿದವಳು. ಆಟಿ ತಿಂಗಳ ಮಳೆ, ಮನೆಗೂ ರಸ್ತೆಗೂ ನಡುವೆ ತೋಡು, ತೋಡಿನ ಮೇಲಿನ ಸಂಕ ಹಿಂದಿನ ರಾತ್ರಿ ಕೊಚ್ಚಿಹೋಗಿತ್ತು. ಹೆರಿಗೆ ಮನೆಯಲ್ಲೇ ಆಯಿತು, ತುಂಬ ಹೊತ್ತು ಹಿಡಿಯಿತು, ಮಗು ಅಳಲಿಲ್ಲ. ಕೊರಳು ನಿಲ್ಲದ, ಕೈಕಾಲು ಬಿಗಿದುಕೊಂಡ ಆ ಹುಡುಗಿಯನ್ನು ಅಮ್ಮ ಸೊಂಟದ ಮೇಲೆ ಹೊತ್ತು ಪ್ರಶ್ನೆ ಇಡಿಸಲು ಹೋದಳು. ಜೋಯಿಸರು ಕವಡೆ ಸರಿಸಿ, ತಾಯಿ ಹಿಂದಿನ ಜನ್ಮದಲ್ಲಿ ಬಸುರಿ ಹಾವನ್ನು ಕೊಂದ ದೋಷ ಎಂದರು. ಆಶ್ಲೇಷಾ ಬಲಿ ಆಯಿತು, ಸರ್ಪಸಂಸ್ಕಾರ ಆಯಿತು, ಅಡಿಕೆ ಮಾರಿದ ಹಣ ಅದಕ್ಕೇ ಹೋಯಿತು. ಮಂಗಳೂರಿನ ವೈದ್ಯರೊಬ್ಬರು ನಡೆದದ್ದೇನು ಎಂದು ಹೇಳಿದ್ದು ವರ್ಷಗಳು ಕಳೆದ ಮೇಲೆ: ಹೆರಿಗೆಯ ಹೊತ್ತಿಗೆ ಮಗುವಿಗೆ ಉಸಿರು ಸಿಗದೆ ಮಿದುಳಿಗೆ ಪೆಟ್ಟಾಗಿದೆ, ಸೆರೆಬ್ರಲ್ ಪಾಲ್ಸಿ. ಅಷ್ಟರಲ್ಲಿ ಅಮ್ಮನ ಮನಸ್ಸಿನಲ್ಲಿ ಹಾವು ಬೇರೂರಿ ಆಗಿತ್ತು. ತಂಗಿ ಹತ್ತು ತುಂಬುವ ಮೊದಲೇ ಹೋದಳು. ಅಮ್ಮ ಮಾತ್ರ ಸಾಯುವವರೆಗೂ, ತಾನು ಯಾವುದೋ ಜನ್ಮದಲ್ಲಿ ಮಾಡಿದ ಕೊಲೆಗೆ ಮಗಳು ಬೆಲೆ ತೆತ್ತಳು ಎಂದೇ ನಂಬಿದ್ದಳು. ಇರುವೆಯ ಸಾಲು ಕಂಡರೆ ಪೊರಕೆ ಎತ್ತಿ ಹಿಡಿಯುತ್ತಿದ್ದ ಹೆಂಗಸು ಅವಳು.

ಕರ್ಮ ಎಂಬ ಉತ್ತರ ಏನು ಮಾಡುತ್ತದೆ ನೋಡಿ. ಅದು ನೊಂದವರನ್ನೇ ಅಪರಾಧಿಯಾಗಿಸುತ್ತದೆ. ಅಪರಾಧ ಯಾವುದೆಂದು ನೆನಪಿಲ್ಲ, ಸಾಕ್ಷಿಯಿಲ್ಲ, ಮೇಲ್ಮನವಿಯಿಲ್ಲ. ಅದರ ಜೊತೆಗೇ ನಿಜವಾದ ಕಾರಣದಿಂದ ಎಲ್ಲರ ಕಣ್ಣನ್ನೂ ಬೇರೆಡೆಗೆ ತಿರುಗಿಸುತ್ತದೆ. ನಮ್ಮೂರಲ್ಲಿ ತಂಗಿಯ ಹುಟ್ಟಿನ ನಂತರವೂ ಅನೇಕ ಮಳೆಗಾಲ ಆ ತೋಡಿಗೆ ಅಡಿಕೆ ಮರದ ಸಂಕವೇ ಇತ್ತು. ನಾಗನ ಕಟ್ಟೆಗೆ ಹೊಸ ಕಲ್ಲು ಹಾಸಿದ ಊರು ತೋಡಿಗೆ ಸೇತುವೆ ಬೇಕೆಂದು ಅರ್ಜಿ ಹಾಕಲಿಲ್ಲ. ನಾನು ಯಾರನ್ನೂ ದೂರುತ್ತಿಲ್ಲ. ಪಾಪ ಹಿಂದಿನ ಜನ್ಮದಲ್ಲಿದೆ ಎಂದು ತಿಳಿದವರು ಪಂಚಾಯತಿಗೆ ಏಕೆ ಹೋಗುತ್ತಾರೆ?

ಇದು ನಮ್ಮ ಮನೆಯೊಂದರ ಕತೆ ಎನ್ನುವವರು ಕಾಸರಗೋಡಿನ ಎಣ್ಮಕಜೆ, ಪಡ್ರೆ ಕಡೆಗೆ ನೋಡಬೇಕು. 1970ರ ದಶಕದಿಂದ 2000ದವರೆಗೆ ಆ ಗುಡ್ಡಗಳ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. ಕೆಳಗೆ ಮನೆಗಳು, ಸುರಂಗದ ನೀರು, ತೋಡುಗಳು. ಕರುಗಳು ವಿಕಾರವಾಗಿ ಹುಟ್ಟಿದವು, ಆಮೇಲೆ ಮಕ್ಕಳು. ಸ್ವರ್ಗ ಎಂಬ ಊರಿನ ಸುತ್ತ ಇದನ್ನು ಜಟಾಧಾರಿ ದೈವದ ಮುನಿಸೆಂದು ನಂಬಿದವರಿದ್ದರು. ದೈವಕ್ಕೆ ಹರಕೆ ಹೊತ್ತರು, ಪ್ರಾಯಶ್ಚಿತ್ತ ಮಾಡಿದರು, ಹೆಲಿಕಾಪ್ಟರ್ ಬರುತ್ತಲೇ ಇತ್ತು. ಪತ್ರಕರ್ತ ಶ್ರೀ ಪಡ್ರೆಯವರು ಇದರ ಬಗ್ಗೆ ಬರೆದದ್ದು, ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳನ್ನು ಗಮನಿಸಿ ದಾಖಲಿಸಿದ್ದು, ಲೀಲಾಕುಮಾರಿಯಮ್ಮ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು, ಇವುಗಳಿಂದ ಸಿಂಪಡಣೆ ನಿಂತಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನ್ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ಕೋರ್ಟು ಕೇರಳ ಸರಕಾರಕ್ಕೆ ಹೇಳಿತು. ಅಲ್ಲಿನ ಪ್ರತಿಯೊಬ್ಬರ ಕಾಯಿಲೆಗೂ ಅದೇ ವಿಷ ಕಾರಣವೇ ಎಂದು ತಕರಾರು ಎತ್ತುವ ವಿಜ್ಞಾನಿಗಳೂ ಇದ್ದಾರೆ, ಅದನ್ನು ಮುಚ್ಚಿಡಬೇಕಿಲ್ಲ. ಆ ತಕರಾರನ್ನು ರಕ್ತ ತೆಗೆದು, ನೀರು ಪರೀಕ್ಷಿಸಿ, ಅಂಕಿಅಂಶ ತಾಳೆ ನೋಡಿ ಮುಂದುವರಿಸಬಹುದು. ಪೂರ್ವಜನ್ಮದ ಪಾಪವನ್ನು ಯಾವ ಪ್ರಯೋಗಾಲಯಕ್ಕೆ ಕಳಿಸುವುದು?

ಕರ್ಮದ ಮಾತನ್ನು ಒಳ್ಳೆಯ ಉದ್ದೇಶಕ್ಕೆ ಬಳಸಬಹುದಲ್ಲ ಎಂದು ಅದೇ ಹಿರಿಯರು ಮತ್ತೊಂದು ಎಳೆ ಸೇರಿಸಿದರು. ಅದನ್ನು ಗಾಂಧೀಜಿಯೇ ಪ್ರಯತ್ನಿಸಿದ್ದರು. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ಬಂದ ಶಿಕ್ಷೆ ಎಂದರು. ಗಾಂಧಿಯನ್ನು ಬಹಳ ಗೌರವಿಸುತ್ತಿದ್ದ ರವೀಂದ್ರನಾಥ ಠಾಕೂರರು ಅದನ್ನು ಲಿಖಿತವಾಗಿ ವಿರೋಧಿಸಿದರು. ಅಸ್ಪೃಶ್ಯತೆಯ ವಿರುದ್ಧ ಇಬ್ಬರೂ ಒಂದೇ ಕಡೆ ಇದ್ದವರು. ಆದರೂ ಠಾಕೂರರು ಬಿಡಲಿಲ್ಲ, ಏಕೆಂದರೆ ಇದೇ ವಾದವನ್ನು ನಾಳೆ ಎದುರು ಪಕ್ಷದವರೂ ಎತ್ತಿಕೊಳ್ಳಬಹುದು. ಭೂಕಂಪದಲ್ಲಿ ಸತ್ತವರಲ್ಲಿ ಅಸ್ಪೃಶ್ಯರೂ ಇದ್ದರು ಎಂಬುದನ್ನು ನಾನು ಸೇರಿಸುತ್ತೇನೆ. ನಮ್ಮ ಬೀದರ, ಕಲಬುರಗಿಯವರೆಗೂ ನೆಲ ನಡುಗಿಸಿದ 1993ರ ಸೆಪ್ಟೆಂಬರ್ 30ರ ಕಿಲ್ಲಾರಿಯ ಭೂಕಂಪ ಬಂದದ್ದು ಗಣೇಶನನ್ನು ವಿಸರ್ಜಿಸಿ ಜನ ಮಲಗಿದ ರಾತ್ರಿಯ ಕೊನೆಯ ಜಾವದಲ್ಲಿ. ಅವರನ್ನು ಕೊಂದದ್ದು ಮಣ್ಣಿನ ಗಾರೆಯಲ್ಲಿ ಪೇರಿಸಿದ ದಪ್ಪ ಕಲ್ಲಿನ ಗೋಡೆ ಮತ್ತು ಅದರ ಮೇಲಿನ ಭಾರದ ಮಣ್ಣಿನ ಮಾಳಿಗೆ. ಗೋಡೆಯನ್ನು ಬೇರೆ ರೀತಿ ಕಟ್ಟಬಹುದು.

ಮೂರನೆಯದು ಅಹಂಕಾರದ ಆರೋಪ. ನೌಕರಿ, ಪೆನ್ಷನ್, ಪಟ್ಟಣದ ಮನೆ ಬಂದ ಮೇಲೆ ದೇವರು ಬೇಡವಾದ ಎಂದರು ಒಬ್ಬರು. 1930ರಲ್ಲಿ ಲಾಹೋರಿನ ಜೈಲಿನಲ್ಲಿ ಭಗತ್ ಸಿಂಗನಿಗೂ ಇದನ್ನೇ ಹೇಳಿದ್ದರು; ಕೀರ್ತಿ ತಲೆಗೇರಿದೆ ಎಂದು. ಅದಕ್ಕೆ ಉತ್ತರವಾಗಿ ಅವನು ತಾನೇಕೆ ನಾಸ್ತಿಕ ಎಂಬ ಪ್ರಬಂಧ ಬರೆದ. ಗಲ್ಲು ಕಣ್ಣೆದುರಿಗಿತ್ತು. ಸತ್ತ ಮೇಲೆ ಸ್ವರ್ಗವೋ ಮರುಹುಟ್ಟೋ ಸಿಗುತ್ತದೆ ಎಂಬ ಆಸರೆಯಿಲ್ಲದೆ, ಇಪ್ಪತ್ತಮೂರರ ವಯಸ್ಸಿನಲ್ಲಿ 1931ರ ಮಾರ್ಚ್ 23ರಂದು ನೇಣಿಗೇರಿದವನಲ್ಲಿ ನನಗೆ ಕಾಣುವುದು ಅಹಂಕಾರವಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಕೋಟಿಕೋಟಿ ನಕ್ಷತ್ರಗಳನ್ನು ನಡೆಸುವವನು ನನ್ನ ಮಗಳ ಮದುವೆಯ ಮುಹೂರ್ತದ ಮೇಲೂ ಕಣ್ಣಿಟ್ಟಿದ್ದಾನೆ ಎಂದು ಭಾವಿಸಲು ಬೇಕಾಗುವಷ್ಟು ದೊಡ್ಡಸ್ತಿಕೆ ನನ್ನಲ್ಲಿಲ್ಲ.

"ಕಷ್ಟ ಬಂದಾಗ ನೋಡೋಣ" ಎಂಬುದು ನಾಲ್ಕನೆಯದು. ಕಷ್ಟ ಬಂದಿತ್ತು. ಅಮ್ಮ ಕೊನೆಯ ವಾರ ಐಸಿಯುನಲ್ಲಿದ್ದಾಗ ಹೊರಗಿನ ಬೆಂಚಿನ ಮೇಲೆ ನಾನೇ ಕೂತಿದ್ದೆ. ಪಕ್ಕದಲ್ಲಿ ಒಬ್ಬರು ಕುರಾನ್ ಓದುತ್ತಿದ್ದರು, ಒಬ್ಬರು ಜಪಮಾಲೆ ಎಣಿಸುತ್ತಿದ್ದರು, ಅತ್ತೆ ಮೃತ್ಯುಂಜಯ ಜಪಿಸುತ್ತಿದ್ದರು. ಅವರೆಲ್ಲರ ರೋಗಿಗಳೂ ಉಳಿಯಲಿ ಎಂದು ನಾನು ಮನಸಾರೆ ಬಯಸಿದೆ. ಬೇಡಿಕೊಳ್ಳಲು ಮನಸ್ಸು ಹೊರಳಲಿಲ್ಲ, ಏಕೆಂದರೆ ಬೇಡಿದರೆ ಉಳಿಸುವವನು ಬೇಡದ ಕಾರಣಕ್ಕೆ ಯಾರನ್ನೋ ಸಾಯಲು ಬಿಟ್ಟಿದ್ದಾನೆ ಎಂದಾಗುತ್ತದೆ, ಅಂಥವನ ಮುಂದೆ ನಾನು ಕೈಚಾಚಲಾರೆ. ನಾನು ಮಾಡಿದ್ದು ಇಷ್ಟು: ವೈದ್ಯರನ್ನು ಕೇಳಿ ಒಳಗೆ ಹೋಗಿ ಅಮ್ಮನ ಕಾಲು ಒತ್ತುತ್ತಿದ್ದೆ, ಅವಳಿಗೆ ಇಷ್ಟವಾದ ವಿಷ್ಣುಸಹಸ್ರನಾಮವನ್ನು ಕಿವಿಯ ಬಳಿ ಹೇಳುತ್ತಿದ್ದೆ. ಹೌದು, ನಾನೇ ಹೇಳಿದೆ. ಅದನ್ನೇ ಹಿಡಿದು "ನೋಡು, ಕೊನೆಗೂ ದೇವರ ಹೆಸರು ಬಂತು" ಎಂದವರಿದ್ದಾರೆ. ಆ ಸ್ವರ ಅವಳಿಗೆ ಹಿತವಾಗಿತ್ತು, ನನಗೆ ಅವಳ ಹಿತ ಬೇಕಿತ್ತು. ಇದರಲ್ಲಿ ವಿಷ್ಣುವಿನ ಪಾತ್ರವೇನೂ ಇಲ್ಲ.

ದೇವರ ಹೆದರಿಕೆಯಿಲ್ಲದೆ ನೀತಿ ಹೇಗೆ ಉಳಿಯುತ್ತದೆ ಎಂಬ ಐದನೆಯ ಪ್ರಶ್ನೆ ಕೇಳಿದವರು ನನ್ನ ಹಳೆಯ ಸಹೋದ್ಯೋಗಿ, ನೀತಿವಂತರು. ದೇವರಿಲ್ಲವೆಂದು ನಾಳೆ ಖಚಿತವಾದರೆ ನೀವು ಕದಿಯುತ್ತೀರಾ ಎಂದು ಕೇಳಿದೆ, ಅವರಿಗೆ ನೋವಾಯಿತು. ಆ ನೋವೇ ನನ್ನ ಉತ್ತರ. ಇನ್ನೂ ಬೇಕಿದ್ದರೆ ಆಂಧ್ರದ ಗೋರಾ ಅವರ ಬದುಕು ನೋಡಬಹುದು. ಗೋಪರಾಜು ರಾಮಚಂದ್ರ ರಾವ್, ಮೇಲ್ಜಾತಿಯಲ್ಲಿ ಹುಟ್ಟಿದವರು, ಸಸ್ಯಶಾಸ್ತ್ರದ ಅಧ್ಯಾಪಕರು. ನಾಸ್ತಿಕರೆಂಬ ಕಾರಣಕ್ಕೆ ಕಾಲೇಜಿನ ಕೆಲಸ ಕಳೆದುಕೊಂಡರು. 1940ರಲ್ಲಿ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ತೆರೆದು ದಲಿತರೊಡನೆ ಸಹಪಂಕ್ತಿ ಭೋಜನ ನಡೆಸಿದರು. ದೇವರನ್ನು ನಂಬದ ಈ ಮನುಷ್ಯನನ್ನು ಗಾಂಧೀಜಿ ಸೇವಾಗ್ರಾಮಕ್ಕೆ ಕರೆಸಿಕೊಂಡು ಮಾತಾಡಿದರು. ಗೋರಾ ತಮ್ಮ ಮಗಳನ್ನು ದಲಿತ ತರುಣನಿಗೆ ಮದುವೆ ಮಾಡಿಕೊಡಲು ನಿಶ್ಚಯಿಸಿದಾಗ ಅದನ್ನು ಆಶ್ರಮದಲ್ಲೇ ನಡೆಸಲು ಗಾಂಧೀಜಿ ಒಪ್ಪಿದ್ದರು. ವಿಧಿಯಲ್ಲಿ ದೇವರ ಬದಲು ಸತ್ಯದ ಹೆಸರು ಹೇಳುವುದಕ್ಕೂ ಒಪ್ಪಿದ್ದರು. ಅವರ ಹತ್ಯೆಯ ನಂತರ 1948ರ ಮಾರ್ಚಿನಲ್ಲಿ ಆ ಮದುವೆ ಸೇವಾಗ್ರಾಮದಲ್ಲಿ ನಡೆಯಿತು. ಆ ಹೊತ್ತಿಗೆ ದೇವರಿಗೆ ಹೆದರುತ್ತಿದ್ದ ಎಷ್ಟು ಮೇಲ್ಜಾತಿಯ ಮನೆಗಳಲ್ಲಿ ಅಂಥ ಮದುವೆ ಆಗಿತ್ತು?

ನಮ್ಮಲ್ಲೇ ಎಚ್. ನರಸಿಂಹಯ್ಯನವರು ಇರಲಿಲ್ಲವೇ? ಗಾಂಧಿವಾದಿ, ಬ್ರಹ್ಮಚಾರಿ, ಕ್ವಿಟ್ ಇಂಡಿಯಾದಲ್ಲಿ ಜೈಲು ಕಂಡವರು, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬದುಕು ಸವೆಸಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು, ಪುಟ್ಟಪರ್ತಿಗೆ ಪತ್ರ ಬರೆದರು, ಅಲ್ಲಿಂದ ಒಪ್ಪಿಗೆ ಬರಲಿಲ್ಲ. ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬೇಡಿ ಎಂದು ಮಕ್ಕಳಿಗೆ ಹೇಳುತ್ತಿದ್ದ ಆ ಮನುಷ್ಯ ತನಗೆಂದು ಏನನ್ನೂ ಕೂಡಿಡಲಿಲ್ಲ.

ಆರನೆಯದು ಪುನರ್ಜನ್ಮಕ್ಕೆ ವಿಜ್ಞಾನದ ಸಾಕ್ಷ್ಯ ಸಿಕ್ಕಿದೆ ಎಂಬ ಮಾತು. ಚಿಕ್ಕಪ್ಪನ ಮಗ ಇಯಾನ್ ಸ್ಟೀವನ್ಸನ್ ಅವರ ಹೆಸರು ಹೇಳಿದ. ವರ್ಜೀನಿಯಾ ವಿಶ್ವವಿದ್ಯಾಲಯದ ಈ ಮನೋವೈದ್ಯರು ಹಿಂದಿನ ಜನ್ಮ ನೆನಪಿದೆ ಎನ್ನುವ ಮಕ್ಕಳ ಇಪ್ಪತ್ತು ಪ್ರಕರಣಗಳನ್ನು 1966ರಲ್ಲಿ ಪ್ರಕಟಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸಿನ ಸತ್ವಂತ್ ಪಸ್ರಿಚಾ ಅವರೂ ಉತ್ತರ ಭಾರತದ ಇಂಥ ಪ್ರಕರಣಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಇಬ್ಬರೂ ಶ್ರದ್ಧೆಯಿಂದ ದುಡಿದವರು, ತೆಗೆದುಹಾಕಿ ಮಾತಾಡುವುದಿಲ್ಲ. ಆದರೆ ಪುನರ್ಜನ್ಮ ಸಾಬೀತಾಗಿದೆ ಎಂದು ಸ್ಟೀವನ್ಸನ್ ಎಲ್ಲೂ ಸಾರಲಿಲ್ಲ. ಬಹುಪಾಲು ಪ್ರಕರಣಗಳಲ್ಲಿ ಸಂಶೋಧಕರು ಮುಟ್ಟುವ ಮೊದಲೇ ಮಗುವಿನ ಮನೆಯವರೂ ಸತ್ತವರ ಮನೆಯವರೂ ಭೇಟಿಯಾಗಿ, ಮಾತಾಡಿ, ಅತ್ತು, ಅಪ್ಪಿಕೊಂಡು ಆಗಿರುತ್ತದೆ. ಮಗು ಮೊದಲು ಹೇಳಿದ್ದೆಷ್ಟು, ದೊಡ್ಡವರು ತುಂಬಿಸಿದ್ದೆಷ್ಟು ಎಂದು ಆಮೇಲೆ ಬಿಡಿಸಲು ಬರುವುದಿಲ್ಲ. ಮರುಹುಟ್ಟನ್ನು ನಂಬುವ ಸಮಾಜಗಳಲ್ಲೇ ಇಂಥ ಮಕ್ಕಳು ಹೆಚ್ಚು ಸಿಗುತ್ತಾರೆ ಎಂಬುದೂ ಯೋಚಿಸಬೇಕಾದ ವಿಷಯ. ಮಿದುಳಿನ ಒಂದು ಭಾಗಕ್ಕೆ ಪೆಟ್ಟಾದರೆ ಈ ಜನ್ಮದ ನೆನಪೇ ಅಳಿದುಹೋಗುವುದನ್ನು ನಾವು ಮನೆಮನೆಯಲ್ಲೂ ನೋಡುತ್ತಿದ್ದೇವೆ. ಅಮ್ಮನೇ ಕೊನೆಕೊನೆಗೆ ನನ್ನನ್ನು ತನ್ನ ಅಣ್ಣನೆಂದು ಕರೆಯುತ್ತಿದ್ದಳು. ಜೀವಂತ ಮಿದುಳು ಕುಂದಿದಾಗ ಉಳಿಯದ ನೆನಪು, ಮಿದುಳೇ ಸುಟ್ಟು ಬೂದಿಯಾದ ಮೇಲೆ ಯಾವುದರಲ್ಲಿ ಕೂತು ಪ್ರಯಾಣ ಮಾಡುತ್ತದೆ?

ನಾನು ದೇಹದಾನಕ್ಕೆ ಸಹಿ ಹಾಕಿದ್ದೇನೆಂದು ತಿಳಿದ ಮೇಲೆ ಬಂದ ಆಕ್ಷೇಪ ಏಳನೆಯದು: "ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡನಾಗುತ್ತೀ." ಇದನ್ನು ನಂಬಿ ಎಷ್ಟು ಜೊತೆ ಕಣ್ಣುಗಳು ಬೂದಿಯಾಗುತ್ತಿವೆ! 2006ರಲ್ಲಿ ರಾಜ್‌ಕುಮಾರ್ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಸತ್ತ ಮೇಲೆ ಆರು ತಾಸಿನ ಒಳಗೆ ಕಣ್ಣು ತೆಗೆಯಬೇಕು, ಹಾಗಾಗಿ ನನ್ನ ಮನೆಯವರಿಗೆ ಅತ್ತು ಮುಗಿಸುವ ಮೊದಲೇ ಫೋನ್ ಮಾಡಲು ಹೇಳಿಟ್ಟಿದ್ದೇನೆ. ಉಳಿದ ದೇಹದ ಮುಂದೆ ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿಗಳು ನಿಂತು ನರ, ರಕ್ತನಾಳ, ಮೂಳೆ ಎಲ್ಲಿವೆಯೆಂದು ಕಲಿಯುತ್ತಾರೆ. ಅವರಲ್ಲಿ ಒಬ್ಬಳಾದರೂ ಆಟಿ ತಿಂಗಳಲ್ಲಿ ತೋಡಿನ ಆಚೆ ಮನೆಗೆ ಹೋಗಿ ಹೆರಿಗೆ ಮಾಡಿಸಲಿ ಎಂಬುದು ನನ್ನ ಆಸೆ. ಸತ್ತ ಮೇಲಿನ ವಿಷಯವಾಗಿ ನನಗಿರುವ ಆಸೆ ಅದೊಂದೇ.

ಕೊನೆಯದು ದೊಡ್ಡಮ್ಮನ ಮಾತು, ಎಲ್ಲಕ್ಕಿಂತ ಕಷ್ಟದ್ದು. "ನಿನಗೆ ಬೇಡದಿದ್ದರೆ ಬೇಡ ಮಗಾ. ಆದರೆ ನಿನ್ನಮ್ಮ ಈಗ ಆ ಹುಡುಗಿಯ ಜೊತೆ ಇದ್ದಾಳೆ, ಅವಳ ಕೈಕಾಲು ಸರಿಯಾಗಿದೆ ಅಂತ ನಾನು ಅಂದುಕೊಂಡಿದ್ದೇನೆ. ಅದನ್ನೂ ಸುಳ್ಳು ಅಂತೀಯಾ?" ದೊಡ್ಡಮ್ಮಾ, ನೀವು ಹಾಗೆ ಅಂದುಕೊಳ್ಳುವುದನ್ನು ತಡೆಯಲು ನಾನು ಯಾರು? ನನ್ನನ್ನು ಕೇಳಿದ್ದರಿಂದ ಹೇಳುತ್ತೇನೆ, ನಾನು ಹಾಗೆ ನಂಬುವುದಿಲ್ಲ. ಇಬ್ಬರೂ ಇಲ್ಲ. ತಂಗಿಗೆ ಸಿಕ್ಕಿದ್ದು ಆ ಕೆಲವೇ ವರ್ಷ. ಅವು ಮತ್ತೊಂದು ಬದುಕಿನ ಮುನ್ನುಡಿಯೂ ಅಲ್ಲ, ಹಿಂದಿನ ಸಾಲದ ತೀರುವಳಿಯೂ ಅಲ್ಲ, ಅವಳ ಪೂರ್ತಿ ಆಯುಸ್ಸು. ಅದಕ್ಕೇ ಆ ವರ್ಷಗಳಲ್ಲಿ ಅವಳಿಗಾದ ಪ್ರತಿ ನೋವೂ ನನಗೆ ಇಂದಿಗೂ ಭಾರ. ಮುಂದೆ ಎಲ್ಲೋ ಸರಿಹೋಗುತ್ತದೆ ಎಂದು ಆ ಭಾರವನ್ನು ಇಳಿಸಿಕೊಳ್ಳಲು ಮನಸ್ಸಿಲ್ಲ. ನಿಮ್ಮ ತಂಗಿ ಯಾವ ಹಾವನ್ನೂ ಕೊಂದಿರಲಿಲ್ಲ, ದೊಡ್ಡಮ್ಮಾ. ನಾನು ಅವಳ ಬಳಿ ಇದನ್ನು ಎಷ್ಟೋ ಸಲ ಹೇಳಿದೆ, ಅವಳಿಗೆ ನಂಬಲಾಗಲಿಲ್ಲ. ನೀವಾದರೂ ನಂಬಿ.

ತಮ್ಮ ವರ್ಷದ ತಿಥಿ ಇಟ್ಟುಕೊಂಡಿದ್ದಾನೆ. ಬರುತ್ತೀಯಾ ಎಂದು ಕೇಳಿದ್ದಾನೆ. ಬರುತ್ತೇನೆ. ತರಕಾರಿ ಹೆಚ್ಚುತ್ತೇನೆ, ಪಂಕ್ತಿಯಲ್ಲಿ ಬಡಿಸುತ್ತೇನೆ, ಎಲ್ಲರ ಜೊತೆ ಉಣ್ಣುತ್ತೇನೆ. ಪಿಂಡದ ಮುಂದೆ ಮಾತ್ರ ನನ್ನನ್ನು ಕೂರಿಸಬೇಡಿ.